ಆರು ಗೂಡಿನ ಕೋವಿ

ಡೈರಿಗೆ ಹಾಲು ಹಾಕಿ ಬಂದು ಕ್ಯಾನು ತೊಳೆಯುತ್ತಿದ್ದೆ. ಬೀದಿಯಲ್ಲಿ ಕಾರು ನಿಂತಿತು. ಜಗಲಿಯಿಂದ ಮಾವ ಕೂಗಿದರು.

"ವಾಣಿ, ಮೈಸೂರಿನ್ ಮೇಡಂ ಆಗ್ಲೇ ಬಂದ್ಬುಟ್ರು ಕಣವ್ವಾ! ಕೋವಿ ಎಲ್ಲಿ ಮಡಗಿದ್ದೀಯೆ?"

"ದೇವರ ಮನೇಲದೆ ಮಾವ. ನಿನ್ನೇನೇ ಒರೆಸಿ ಮಡಗಿದ್ದೀನಿ."

ಕ್ಯಾನನ್ನು ಹಾಗೇ ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಓಡಿದೆ.

ನಮ್ಮ ಹೆಡತಲೆ ಊರಿನಲ್ಲಿ ಅಂಥ ಕೋವಿ ಇನ್ನೊಂದಿಲ್ಲ. ನಳಿಗೆಯ ಹಿಂದೆ ಕಬ್ಬಿಣದ ಉರುಳೆ, ಅದರಲ್ಲಿ ಗುಂಡು ತುಂಬಲು ಆರು ಗೂಡು. ಒಂದು ಗುಂಡು ಹಾರಿಸಿದ ಮೇಲೆ ಉರುಳೆಯನ್ನು ಕೈಯಲ್ಲೇ ತಿರುಗಿಸಿ ಮುಂದಿನ ಗೂಡನ್ನು ನಳಿಗೆಗೆ ತಂದುಕೊಳ್ಳಬೇಕು. ಮಾವನ ತಾತ ಅದರಲ್ಲಿ ಕಾಡುಹಂದಿ ಓಡಿಸಿ ಊರಿನ ಬೆಳೆ ಕಾದರಂತೆ. ಈಗ ನಳಿಗೆಗೆ ಸೀಸ ಹುಯ್ದು ಮುಚ್ಚಿದೆ. ಆಯುಧಪೂಜೆಯ ದಿನ ಮಾತ್ರ ಅದಕ್ಕೆ ಕೆಲಸ. ಮನೆಯವರು ಒಬ್ಬೊಬ್ಬರಾಗಿ ಬಂದು ಕುಂಕುಮ ಇಟ್ಟು, ಉರುಳೆಯನ್ನು ಒಂದು ಗೂಡಿನಷ್ಟು ತಿರುಗಿಸಿ, ತಮ್ಮ ಹೆಸರು ಗಟ್ಟಿಯಾಗಿ ಹೇಳಬೇಕು. ನಾನು ನರಸೀಪುರದ ತವರಿಂದ ಬಂದ ವರ್ಷ ನಾಚಿಕೊಂಡೇ ಹೇಳಿದ್ದೆ.

ನನ್ನ ಮಗಳು ಸಿಂಧು ಹೋದ ಸಲ ಹೇಳಲಿಲ್ಲ. ಶಾಲೆಯಲ್ಲಿ ಪಾಠ ಓದುವಾಗ ಒಂದು ಸಾಲು ತಪ್ಪಿದ್ದಕ್ಕೆ ತರಗತಿಯೆಲ್ಲ ನಕ್ಕಿತಂತೆ. ಅಂದಿನಿಂದ ಹೊರಗಿನವರ ಎದುರು ಅವಳು ಬಾಯಿ ಬಿಡುವುದಿಲ್ಲ. ಏನಿದ್ದರೂ ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಾಳೆ, ನಾನು ಜೋರಾಗಿ ಹೇಳುತ್ತೇನೆ. ಪೂಜೆಯಂದು ನೆಂಟರೆಲ್ಲ ನೋಡುತ್ತಿದ್ದಾಗ ಅವಳು ಉರುಳೆ ತಿರುಗಿಸಿದಳು, "ಸಿಂಧು" ಎಂದವಳು ನಾನು.

"ಎಷ್ಟು ದಿನ ನೀನೇ ಅವಳ ಬಾಯಾಗಿರ್ತೀಯವ್ವಾ?" ಎಂದಿದ್ದರು ಮಾವ. ಆ ಮಾತು ಮನಸ್ಸಿನಲ್ಲೇ ಕೂತಿತ್ತು.

ನಿನ್ನೆ ನಾನೂ ಸಿಂಧುವೂ ಕೊಬ್ಬರಿ ಎಣ್ಣೆ ಹಚ್ಚಿ ಕೋವಿ ಒರೆಸಿದೆವು. ವರ್ಷವರ್ಷದ ಕುಂಕುಮ ಹೆಪ್ಪುಗಟ್ಟಿತ್ತು. ಅದು ಕಳಚಿದ ಹಾಗೆ ಗೂಡುಗಳ ಪಕ್ಕದಲ್ಲಿ ಉಳಿಯ ಮೊನೆಯಿಂದ ಕುಟ್ಟಿದ ಚುಕ್ಕೆಗಳು ಕಂಡವು. ಮೊದಲ ಗೂಡಿಗೆ ಒಂದು, ಎರಡನೆಯದಕ್ಕೆ ಎರಡು, ಹೀಗೆ ಆರರವರೆಗೆ. ನಾಲ್ಕನೆಯದಕ್ಕೆ ಮಾತ್ರ ಐದು ಬಿದ್ದಿದ್ದವು. ಹೆಚ್ಚಿನ ಒಂದನ್ನು ತಟ್ಟಿ, ಅರದಿಂದ ಉಜ್ಜಿ ಅಳಿಸಿದ್ದರು. ಆ ಅಳಿಸಿದ ಗುರುತು ಮೊದಲು ನನ್ನ ಕಣ್ಣಿಗೆ ಬೀಳಲಿಲ್ಲ. ಸಿಂಧುವಿನ ಬೆರಳಿಗೆ ಸಿಕ್ಕಿತು. ಅದನ್ನು ಮತ್ತೆ ಮತ್ತೆ ಸವರಿದಳು. ಆಮೇಲೆ ನಾನು ರೊಟ್ಟಿ ತಟ್ಟುವಾಗ ಬಂದು ಕಿವಿಯಲ್ಲಿ ಏನೋ ಕೇಳಿದಳು.

"ನಂಗೊತ್ತಿಲ್ಲ ಕೂಸೇ. ನಾಳೆ ಬರೋ ಮೇಡಂನ ನೀನೇ ಕೇಳು," ಎಂದೆ. ಮುಖ ಊದಿಸಿಕೊಂಡು ಹೋದಳು.

ಹಳೆಯ ಆಯುಧಗಳ ಬಗ್ಗೆ ಬರೆಯುವ ನಾಗರತ್ನ ಮೇಡಂ ಈಗ ಜಗಲಿಯಲ್ಲಿ ನಾನು ತಂದಿಟ್ಟ ಕೋವಿಯ ಮುಂದೆ ಕನ್ನಡಕ ಏರಿಸಿ ಕೂತಿದ್ದರು.

"ಲಂಡನ್ನಿಂದ ಬಂದದ್ದು ಅಂತ ಬರ್ಕೊಳ್ಳಿ," ಎಂದರು ಮಾವ.

"ನೀವು ಕಂಡಿದ್ರಾ ಯಜಮಾನ್ರೇ?" ಮೇಡಂ ನಕ್ಕರು. "ಹೆಸರಿಲ್ಲ, ಕಾರ್ಖಾನೆ ಮುದ್ರೆ ಇಲ್ಲ. ಯಾರೋ ಒಬ್ಬರು ಕೂತು ಅರದಲ್ಲಿ ಉಜ್ಜಿ ಉಜ್ಜಿ ಮಾಡಿದ್ದು. ಆದರೂ ಆರು ಗೂಡೂ ನಳಿಗೆಗೆ ಎಷ್ಟು ಸರಿಯಾಗಿ ಕೂರುತ್ತವೆ ನೋಡಿ. ಸಾಮಾನ್ಯದ ಕೈಯಲ್ಲ."

ಮಾವನ ಮುಖ ಒಂದು ಗಳಿಗೆ ಇಳಿಯಿತು, ಆಮೇಲೆ ಅರಳಿತು. "ಕೈಕೆಲ್ಸಾನಾ? ಅಂಗಾರೆ ಲಂಡನ್ಗಿಂತ ಮೇಲೇ ಬುಡಿ!"

ಕಂಬದ ಹಿಂದಿದ್ದ ಸಿಂಧು ಬಂದು ನನ್ನ ಸೆರಗು ಎಳೆದಳು. ಅಭ್ಯಾಸಬಲದಿಂದ ಬಗ್ಗಿದೆ. ಅವಳ ಬಿಸಿಯುಸಿರು ಕಿವಿಗೆ ತಾಗಿತು. ಮನಸ್ಸು ಗಟ್ಟಿ ಮಾಡಿಕೊಂಡು ನೆಟ್ಟಗೆ ನಿಂತೆ. ಅವಳು ಮತ್ತೆ ಎಳೆದಳು. ನಾನು ಬಗ್ಗಲಿಲ್ಲ, ಅವಳ ಬೆನ್ನ ಮೇಲೆ ಕೈಯಿಟ್ಟೆ ಅಷ್ಟೆ.

ಮೇಡಂ ಪೆನ್ನು ಮುಚ್ಚಿದರು. "ಬರ್ತೀನಿ ಹಾಗಾದ್ರೆ."

ನನ್ನ ಅಂಗೈ ಕೆಳಗಿನ ಪುಟ್ಟ ಬೆನ್ನು ಜಾರಿ ಮುಂದೆ ಹೋಯಿತು. ಸಿಂಧು ಕೋವಿಯ ಹತ್ತಿರ ಕೂತಳು. ಎರಡೂ ಕೈಯಲ್ಲಿ ಉರುಳೆ ಹಿಡಿದು ತಿರುಗಿಸಿದಳು. ಟಕ್ಕೆಂದು ನಾಲ್ಕನೆಯ ಗೂಡು ಮೇಲೆ ಬಂತು.

"ಸಿಂಧು," ಎಂದಳು. ಪೂಜೆಯ ದಿನ ಹೇಳುವ ಹಾಗೇ, ಗಟ್ಟಿಯಾಗಿ.

ನನಗೆ ಎದೆಯುಬ್ಬಿ ಕಣ್ಣು ತುಂಬಿತು.

ಅವಳು ಅಳಿಸಿದ ಚುಕ್ಕೆಯ ಮೇಲೆ ಬೆರಳಿಟ್ಟು ಮೇಡಂ ಕಡೆ ತಲೆಯೆತ್ತಿದಳು.

"ಇದನ್ನ ಮಾಡ್ದೋರು ಇಲ್ಲಿ ತಪ್ಪು ಮಾಡವ್ರೆ, ಆಮೇಲೆ ಸರಿ ಮಾಡವ್ರೆ. ತಪ್ಪಾದಾಗ ಅವರ್ನ ನೋಡಿ ಯಾರಾದ್ರೂ ನಕ್ಕಿದ್ರಾ ಮೇಡಂ?"