ತಗ್ಗು ತೋಳಿನ ಕೋಟು

ಲಕ್ಷ್ಮೀಕಾಂತ ತಪ್ಪು ಹುಡುಕುವುದನ್ನೇ ಹೊಟ್ಟೆಪಾಡು ಮಾಡಿಕೊಂಡ ಮನುಷ್ಯ. ಸಿಯಾಟಲ್ ನಗರದ ಡೆನ್ನಿ ಟ್ರಯಾಂಗಲ್‌ನ ಗಾಜಿನ ಕಟ್ಟಡವೊಂದರಲ್ಲಿ ಕೂತು ಬೇರೆಯವರು ಬರೆದ ಸಾಫ್ಟ್‌ವೇರನ್ನು ಟೆಸ್ಟ್ ಮಾಡುವುದು, ಅದರಲ್ಲೊಂದು ಕೊಕ್ಕೆ ತೆಗೆಯುವುದು, ತಿದ್ದಿ ತಂದರೆ ಇನ್ನೊಂದು ಕೊಕ್ಕೆ ತೆಗೆಯುವುದು. ಅಷ್ಟಕ್ಕೇ ನಿಂತಿದ್ದರೆ ಸಂಬಳ ಬರುವ ಚಾಳಿ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಪುಣ್ಯಾತ್ಮ ಅದನ್ನು ಶನಿವಾರ ಭಾನುವಾರಕ್ಕೂ ಹೊತ್ತು ತರುತ್ತಿದ್ದ.

ಶನಿವಾರ ಭಾನುವಾರ ಅವನಿಗೆ ಬೇರೆಯದೇ ಲೋಕ. ಸಿಯಾಟಲ್ ಸುತ್ತಮುತ್ತಲಿನ ಒಂದಷ್ಟು ಜನ ಸೇರಿ ಬಳಗ ಕಟ್ಟಿಕೊಂಡಿದ್ದರು. ಆರೇಳು ನೂರು ವರ್ಷದ ಹಿಂದೆ ಯುರೋಪಿನ ಸಿಪಾಯಿಗಳು ಹೇಗಿದ್ದರೋ ಹಾಗೆಯೇ ಬಟ್ಟೆ ಹೊಲಿದುಕೊಂಡು, ಕವಚ ಬಡಿದುಕೊಂಡು, ಪ್ರತಿ ಜುಲೈಯಲ್ಲಿ ಮಿಲ್ ಕ್ರೀಕ್ ಆಚೆಯ ಹುಲ್ಲುಗಾವಲಿನಲ್ಲಿ ಡೇರೆ ಹಾಕಿ, ಮೊಂಡು ಕತ್ತಿಯಲ್ಲಿ ಹೊಡೆದಾಡುವುದು ಅವರ ಹವ್ಯಾಸ. ಮೈಸೂರಿನ ನಿಮಗೂ ಹದಿನಾಲ್ಕನೇ ಶತಮಾನದ ಫ್ರಾನ್ಸಿಗೂ ಏನು ಸಂಬಂಧ ಎಂದು ಹೆಂಡತಿ ಕೌಸಲ್ಯಾ ಮೊದಮೊದಲು ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಗಂಡಸರು ಇದಕ್ಕಿಂತ ಕೆಟ್ಟ ಚಟಕ್ಕೆ ಬಿದ್ದದ್ದನ್ನು ಅವಳು ನೋಡಿದ್ದಳು.

ಬಳಗದಲ್ಲಿ ಅವನದು ತಪಾಸಣೆಯ ಕೆಲಸ. ಬಯಲಿಗೆ ಇಳಿಯುವ ಮುಂಚೆ ಪ್ರತಿಯೊಬ್ಬರೂ ಅವನ ಮೇಜಿನ ಮುಂದೆ ನಿಲ್ಲಬೇಕು. ಹೊಲಿಗೆ ಕೈಯದೋ ಮೆಷಿನ್ನಿನದೋ, ಗುಂಡಿ ಬಟ್ಟೆಯದೋ ಪ್ಲಾಸ್ಟಿಕ್ಕಿನದೋ, ಈ ಥರದ ಅಂಗಿ ಆ ಕಾಲದಲ್ಲಿ ಇತ್ತು ಅನ್ನುವುದಕ್ಕೆ ಸಾಕ್ಷಿ ಯಾವುದು, ಎಲ್ಲವನ್ನೂ ಕೇಳುತ್ತಿದ್ದ. ಹಳೆಯ ಚಿತ್ರವಾದರೂ ಸರಿ, ಗೋರಿಯ ಮೇಲಿನ ಕೆತ್ತನೆಯಾದರೂ ಸರಿ, ತೋರಿಸಬೇಕು. ಸಾಕ್ಷಿಯಿಲ್ಲ ಎಂದರೆ ಬಯಲಿಲ್ಲ. ಆರಡಿಯ ಅಮೆರಿಕನ್ ದಾಂಡಿಗರೂ ಆ ಸಾಲಿನಲ್ಲಿ ಎಸ್ಸೆಸ್ಸೆಲ್ಸಿ ರಿಸಲ್ಟಿಗೆ ಕಾದವರ ಹಾಗೆ ನಿಂತಿರುತ್ತಿದ್ದರು.

ಅವನ ಸ್ವಂತ ಕೋಟಿನ ಬಗ್ಗೆ ಮಾತ್ರ ಯಾರೂ ಬೆರಳು ತೋರಿಸುವಂತಿರಲಿಲ್ಲ. ಕವಚದ ಒಳಗೆ ತೊಡುವ, ಹತ್ತಿ ತುಂಬಿದ ದಪ್ಪ ಕೋಟು ಅದು. ನಮ್ಮ ಕೌದಿಯ ಹಾಗೆ ಉದ್ದುದ್ದ ಸಾಲು ಹೊಲಿಗೆ. ಫ್ರಾನ್ಸಿನ ಒಂದು ಸಣ್ಣ ಊರಿನ ಮ್ಯೂಸಿಯಮ್ಮಿನಲ್ಲಿ ಅಂಥದೊಂದು ಕೋಟು ಉಳಿದುಕೊಂಡಿದೆ. ಲಕ್ಷ್ಮೀಕಾಂತ ರಜೆ ಹಾಕಿ ಅಲ್ಲಿಗೆ ಹೋಗಿ, ಕಾವಲಿನವನಿಗೆ ಅನುಮಾನ ಬರುವಷ್ಟು ಹೊತ್ತು ಗಾಜಿನ ಪೆಟ್ಟಿಗೆಯ ಸುತ್ತ ಸುತ್ತಿ, ಚಿತ್ರ ಬರೆದುಕೊಂಡು ಬಂದು, ಎರಡು ಚಳಿಗಾಲ ಮೇಣ ಸವರಿದ ಲಿನನ್ ದಾರದಲ್ಲಿ ಅದರ ಪಡಿಯಚ್ಚು ಹೊಲಿದಿದ್ದ. ಆ ಕೋಟಿಗೆ ಒಂದು ಗುಣ. ತೊಟ್ಟವನ ಕೈ ಭುಜದ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ.

“ಅದನ್ನ ಹಾಕ್ಕೊಂಡು ಮೇಲಿನ ಶೆಲ್ಫಿಂದ ಸಕ್ಕರೆ ಡಬ್ಬ ಇಳಿಸಿಕೊಡಿ, ನೋಡೋಣ” ಎಂದಿದ್ದಳು ಕೌಸಲ್ಯಾ.

ಆಗಲಿಲ್ಲ. ಬೇರೆ ಯಾರೇ ಆಗಿದ್ದರೂ ಕೋಟು ಕೆಟ್ಟಿದೆ ಎಂದುಕೊಳ್ಳುತ್ತಿದ್ದರು. ಇವನು, ಆ ಕಾಲದವರು ಕೈಯನ್ನೇ ಎತ್ತುತ್ತಿರಲಿಲ್ಲ ಎಂದುಕೊಂಡ. ಕತ್ತಿಯನ್ನು ಸೊಂಟದ ಮಟ್ಟದಿಂದ ಬೀಸುವ, ಕೆಳಗಿನಿಂದ ತಿವಿಯುವ ಒಂದು ವರಸೆಯನ್ನೇ ಕಟ್ಟಿ, ಅದಕ್ಕೆ ‘ತಗ್ಗು ತೋಳು’ ಎಂದು ಹೆಸರಿಟ್ಟು, ಬಳಗಕ್ಕೆಲ್ಲ ಕಲಿಸಿದ. ಅವರೂ ನಂಬಿ ಕಲಿತರು. ಅಷ್ಟು ಕಷ್ಟಪಟ್ಟು ಹೊಲಿದವನು ಸುಳ್ಳು ಹೇಳುತ್ತಾನೆ ಎಂದು ಯಾರಿಗೆ ಅನಿಸೀತು?

ಅನಿಸಿದ್ದು ಸ್ಟ್ಯಾನಿ ಒಬ್ಬನಿಗೆ. ಸ್ಟ್ಯಾನಿ ಮಂಗಳೂರಿನ ಕ್ರಿಶ್ಚಿಯನ್. ಮಿಲ್ ಕ್ರೀಕ್‌ನಲ್ಲಿ ಮನೆ, ನಾರ್ತ್ ಕ್ರೀಕ್‌ನ ಕಂಪನಿಯೊಂದರಲ್ಲಿ ಅಕೌಂಟ್ಸ್ ಕೆಲಸ. ಲಕ್ಷ್ಮೀಕಾಂತನನ್ನು ಈ ಹುಚ್ಚಿಗೆ ಎಳೆದು ತಂದವನೇ ಅವನು. ಸ್ವಂತ ಮೈಮೇಲೆ ಕೋಟಿನ ಅಳತೆ ನೋಡಿಕೊಳ್ಳುವುದು ಆಗದ ಕೆಲಸ. ಇಬ್ಬರದೂ ಒಂದೇ ಮೈಕಟ್ಟು, ಹಾಗಾಗಿ ಒಬ್ಬನಿಗೊಬ್ಬ ಗೊಂಬೆಯಾಗಿ ನಿಂತು ಪಿನ್ನು ಚುಚ್ಚಿಸಿಕೊಂಡವರು. ಒಮ್ಮೆ ಸ್ಟ್ಯಾನಿ ತುಕ್ಕು ಹಿಡಿಯಬಾರದೆಂದು ತನ್ನ ಉಕ್ಕಿನ ಟೊಪ್ಪಿಗೆಗೆ ತೆಂಗಿನೆಣ್ಣೆ ಬಳಿದಿಟ್ಟ. ಚಳಿಗೆ ಅದು ಬೆಳ್ಳಗೆ ಹೆಪ್ಪುಗಟ್ಟಿತು. ಫ್ರಾನ್ಸಿನಲ್ಲಿ ತೆಂಗಿನಮರ ಇತ್ತು ಅನ್ನುವುದಕ್ಕೆ ಸಾಕ್ಷಿ ಕೊಡು ಎಂದು ಲಕ್ಷ್ಮೀಕಾಂತ ಗಂಟು ಬಿದ್ದ. ಇಬ್ಬರೂ ಗರಾಜಿನ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಸ್ನೇಹ ಕೆಟ್ಟದ್ದು ಆರು ವರ್ಷದ ಹಿಂದಿನ ಜುಲೈಯಲ್ಲಿ. ಸ್ಟ್ಯಾನಿ ತಾನೂ ಅದೇ ಮ್ಯೂಸಿಯಮ್ಮಿನ ಕೋಟನ್ನು ಹೊಲಿದು ತಂದಿದ್ದ. ಆದರೆ ಕಂಕುಳ ಹತ್ತಿರ ತೋಳಿಗೆ ಸೇರಿಸುವ ದೊಡ್ಡ ಮುಕ್ಕೋನಿ ತುಂಡು ಮುಂದಕ್ಕೆ ಬರುವ ಬದಲು ಹಿಂದಕ್ಕೆ ಬಂದಿತ್ತು. ಅಂದರೆ ಎಡದ ತೋಳು ಬಲಕ್ಕೆ, ಬಲದ್ದು ಎಡಕ್ಕೆ. ತೊಟ್ಟು ಎರಡೂ ಕೈ ಆಕಾಶಕ್ಕೆ ಎತ್ತಿ ತೋರಿಸಿದ. ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದರು.

“ಹೀಗಿತ್ತು ಅನ್ನೋಕೆ ಸಾಕ್ಷಿ ಏನು?” ಎಂದ ಲಕ್ಷ್ಮೀಕಾಂತ.

“ಸಾಕ್ಷಿ ಎಂತ ಮಾರಾಯ, ಕೈ ಏಳ್ತದಲ್ಲ.”

“ನಿನ್ನ ಸುಖಕ್ಕೆ ಚರಿತ್ರೆ ತಿದ್ದೋಕಾಗಲ್ಲ. ಬಿಚ್ಚಿಡು. ನೆಕ್ಸ್ಟ್.”

ಆ ‘ನೆಕ್ಸ್ಟ್’ ಅನ್ನದಿದ್ದರೂ ನಡೆಯುತ್ತಿತ್ತು. ಸ್ಟ್ಯಾನಿ ಕೋಟು ಬಿಚ್ಚಿ, ಮಡಿಸಿ, ಕಾರಿನಲ್ಲಿಟ್ಟು ಹೊರಟುಹೋದ. ಅವನ ಡೇರೆಯನ್ನು ಮರುದಿನ ಹೆಂಡತಿ ಗ್ರೇಸಿ ಬಂದು ಕಿತ್ತುಕೊಂಡು ಹೋದಳು. ಅಲ್ಲಿಂದೀಚೆಗೆ ಇಬ್ಬರೂ ಇಂಡಿಯನ್ ಸ್ಟೋರಿನಲ್ಲಿ ಕೊತ್ತಂಬರಿ ಸೊಪ್ಪಿನ ಮುಂದೆ ಎದುರಾದರೆ ತಲೆ ಆಡಿಸುತ್ತಿದ್ದರು, ಅಷ್ಟೇ. ಲಕ್ಷ್ಮೀಕಾಂತನಿಗೆ ಅಮೆರಿಕದಲ್ಲಿ ಗೆಳೆಯ ಅಂತ ಇದ್ದದ್ದು ಅವನೊಬ್ಬ. ಆ ಜಾಗ ಖಾಲಿಯೇ ಉಳಿಯಿತು.

ಈ ವರ್ಷ ಮೇ ತಿಂಗಳಲ್ಲಿ ಆ ಮ್ಯೂಸಿಯಮ್ಮಿನವರು ಒಂದು ಆನ್‌ಲೈನ್ ಉಪನ್ಯಾಸ ಇಟ್ಟರು. ಲಕ್ಷ್ಮೀಕಾಂತ ಆಫೀಸಿನಲ್ಲಿ ಊಟದ ಹೊತ್ತಿಗೆ ಮೊಸರನ್ನದ ಡಬ್ಬಿ ಬಿಚ್ಚಿಕೊಂಡು ಅದನ್ನು ನೋಡಲು ಕೂತ. ಹಳೆಯ ಬಟ್ಟೆ ಜೋಪಾನ ಮಾಡುವ ಒಬ್ಬ ಹೆಂಗಸು ಬಹಳ ಸಮಾಧಾನದಿಂದ ವಿವರಿಸಿದಳು. ನೂರು ವರ್ಷದ ಹಿಂದೆ ಯಾರೋ ರಿಪೇರಿ ಮಾಡುವಾಗ ಕೋಟಿನ ತೋಳುಗಳನ್ನು ಬಿಚ್ಚಿದ್ದಾರೆ, ಮತ್ತೆ ಹಾಕುವಾಗ ಅದಲುಬದಲು ಮಾಡಿದ್ದಾರೆ. ಮೂಲದ ಸೂಜಿಯ ತೂತುಗಳು ಸಿಕ್ಕಿವೆ, ನಾವೀಗ ಸರಿಮಾಡಿದ್ದೇವೆ. ಪರದೆಯ ಮೇಲೆ ಒಂದು ಗೊಂಬೆ ಸರಿಮಾಡಿದ ಕೋಟು ತೊಟ್ಟು, ಎರಡೂ ಕೈ ಮೇಲೆತ್ತಿ ನಿಂತಿತ್ತು.

ಲಕ್ಷ್ಮೀಕಾಂತ ಹಿಂದಕ್ಕೆ ಓಡಿಸಿ ಮತ್ತೆ ನೋಡಿದ. ಮೊಸರನ್ನ ಹಾಗೇ ಉಳಿಯಿತು. ಅದು ಸ್ಟ್ಯಾನಿಯ ಕೋಟೇ.

ಈ ಫ್ರೆಂಚ್ ಉಪನ್ಯಾಸವನ್ನು ಬಳಗದಲ್ಲಿ ಇನ್ನೊಬ್ಬ ನೋಡುವ ಸಂಭವವಿರಲಿಲ್ಲ. ಮನೆಯಲ್ಲಿ ಸದ್ದಿಲ್ಲದೆ ತೋಳು ಬದಲಾಯಿಸಿಕೊಂಡು, ಹೊಸ ಸಂಶೋಧನೆ ಎಂದು ಹೇಳಿ, ಇನ್ನೂ ಹತ್ತು ವರ್ಷ ಮೇಜಿನ ಹಿಂದೆ ಕೂರಬಹುದಿತ್ತು. ಆ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು, ಎರಡು ದಿನ ಇತ್ತು. ಆದರೆ ಕಣ್ಣಿಗೆ ಬಿದ್ದ ತಪ್ಪನ್ನು ವರದಿ ಮಾಡದೆ ಬಿಟ್ಟರೆ ಅವನಿಗೆ ಅನ್ನ ಇಳಿಯುವುದಿಲ್ಲ, ಅದು ಅವನ ಜಾಯಮಾನ. ಜೊತೆಗೆ ನಾಚಿಕೆಯೂ ಆಗಿತ್ತು. ಸ್ಟ್ಯಾನಿ ಕೋಟು ಮಡಿಸಿದ ರೀತಿ ಮತ್ತೆ ಮತ್ತೆ ನೆನಪಾಗುತ್ತಿತ್ತು. ಅವನನ್ನು ಈ ಜುಲೈಯಲ್ಲಿ ಬಯಲಿಗೆ ಕರೆತರಬೇಕು, ಎಲ್ಲರೆದುರು ಇವನು ಸರಿಯಿದ್ದ ಎಂದು ಹೇಳಬೇಕು. ಬೇರೆ ಏನೂ ಬೇಡವಾಗಿತ್ತು.

“ಹೋಗಿ ಬನ್ನಿ, ಫೋನಲ್ಲಿ ಬೇಡ” ಎಂದಳು ಕೌಸಲ್ಯಾ.

ಶನಿವಾರ ಕೋಟನ್ನು ಕಾರಿನಲ್ಲಿ ಹಾಕಿಕೊಂಡು ಮಿಲ್ ಕ್ರೀಕ್‌ಗೆ ಡ್ರೈವ್ ಮಾಡಿದ. ಬಾಗಿಲು ತೆರೆದ ಗ್ರೇಸಿ, “ಬನ್ನಿ, ಇವರು ಒಳಗೆ ಇದ್ದಾರೆ” ಎಂದಳು. ಅಡುಗೆಮನೆಯಲ್ಲಿ ರವೆ, ತೆಂಗಿನಕಾಯಿ ಹಾಕಿದ ಕೇಕು ಬೇಯುತ್ತಿತ್ತು. ಗ್ರೇಸಿ ಎರಡು ದಪ್ಪ ಬಟ್ಟೆಯಿಂದ ಓವನ್ ಒಳಗಿನ ತಟ್ಟೆ ಹಿಡಿದು ತೆಗೆದಳು. ಉದ್ದುದ್ದ ಸಾಲು ಹೊಲಿಗೆಯ, ಹತ್ತಿ ತುಂಬಿದ ಲಿನನ್ ಬಟ್ಟೆ, ಕೋಟೊಂದನ್ನು ಕತ್ತರಿಸಿದ್ದು. ಆ ಹೊಲಿಗೆ ಯಾರ ಕೈಯದೆಂದು ಲಕ್ಷ್ಮೀಕಾಂತನಿಗೆ ಹೇಳಿಸಿಕೊಳ್ಳಬೇಕಾಗಿರಲಿಲ್ಲ.

ಸ್ಟ್ಯಾನಿ ಮೇಜಿನ ಹತ್ತಿರ ಕೂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಇವನು ಆ ಬಟ್ಟೆಯ ಮೇಲೆ ಕಣ್ಣು ನೆಟ್ಟದ್ದನ್ನು ನೋಡಿ ಹೇಳಿದ: “ಬಿಸಿ ತಾಗುವುದಿಲ್ಲ ಅದರಲ್ಲಿ. ಒಳ್ಳೆ ಉಪಯೋಗಕ್ಕೆ ಬಂತು.”

ಲಕ್ಷ್ಮೀಕಾಂತ ಕೂರಲಿಲ್ಲ. ನಿಂತೇ ಫೋನಿನಲ್ಲಿ ಆ ಗೊಂಬೆಯ ಚಿತ್ರ ತೋರಿಸಿ, ನಡೆದದ್ದನ್ನೆಲ್ಲ ಹೇಳಿದ. “ನೀನೇ ಸರಿ ಕಣೋ. ಎಲ್ಲರ ಮುಂದೆ ನಿನ್ನ ಮರ್ಯಾದೆ ತೆಗೆದೆ. ತಪ್ಪಾಯ್ತು.”

ಸ್ಟ್ಯಾನಿ ಬಹಳ ಹೊತ್ತು ಚಿತ್ರ ನೋಡಿದ. “ಸರಿ ಅಂತ ಗೊತ್ತಿದ್ದು ಹೊಲಿದದ್ದಲ್ಲ ನಾನು. ಕೈ ಏಳ್ತಿರಲಿಲ್ಲ, ತಿರುಗಿಸಿ ಹಾಕಿದೆ. ಅಷ್ಟೇ.” ಆಮೇಲೆ ಎದುರಿನ ಕುರ್ಚಿಯನ್ನು ಕಾಲಿನಿಂದ ಹಿಂದಕ್ಕೆ ತಳ್ಳಿ, “ಕೂತ್ಕೋ. ಕೇಕು ತಿನ್ನು” ಎಂದ.

ಕೇಕು ತಿಂದು, ಚಾ ಕುಡಿದು, ಲಕ್ಷ್ಮೀಕಾಂತ ತನ್ನ ಕೋಟು ತಂದು ಮೇಜಿನ ಮೇಲೆ ಹರಡಿದ. ಗ್ರೇಸಿಯ ಹೊಲಿಗೆ ಪೆಟ್ಟಿಗೆಯಿಂದ ಸಣ್ಣ ಕತ್ತರಿ ತೆಗೆದುಕೊಂಡು, ತಾನೇ ಹಾಕಿದ ಒಂದೊಂದೇ ಹೊಲಿಗೆಯನ್ನು ಬಿಚ್ಚತೊಡಗಿದ. ಗಟ್ಟಿಯಾಗಿ ಹೊಲಿದಿದ್ದ, ಬಿಚ್ಚುವುದಕ್ಕೂ ಹೊತ್ತು ಹಿಡಿಯಿತು. ಅಷ್ಟು ಹೊತ್ತಿನಲ್ಲಿ ಇಬ್ಬರೂ ಆರು ವರ್ಷದ ಸುದ್ದಿಯನ್ನು ತುಂಡು ತುಂಡಾಗಿ ಹೇಳಿಕೊಂಡರು. ಎರಡೂ ತೋಳು ಕಳಚಿದ ಮೇಲೆ ಅದಲುಬದಲು ಮಾಡಿ ಪಿನ್ನು ಚುಚ್ಚಿ ನಿಲ್ಲಿಸಿದ.

“ಏಳು, ಹಾಕ್ಕೋ. ಇದು ನಿನಗೇ. ಜುಲೈಗೆ ನೀನು ಬರ್ತಿದೀಯ. ಆ ದಿನ ಬೆಳಗ್ಗೆನೇ ಎಲ್ಲರಿಗೂ ಹೇಳ್ತೀನಿ, ತಗ್ಗು ತೋಳು ಬೊಗಳೆ ಅಂತ.”

ಸ್ಟ್ಯಾನಿ ಎದ್ದ. ಎಡಗೈ ಸಲೀಸಾಗಿ ಹೋಯಿತು. ಬಲಗೈ ಹಾಕುವಾಗ ಗ್ರೇಸಿ ಬಂದು ಮೊಣಕೈ ಹಿಡಿದು ತೂರಿಸಿದಳು. ಪಿನ್ನಿನ ಭಯಕ್ಕೆ ಇರಬೇಕು ಎಂದುಕೊಂಡ ಲಕ್ಷ್ಮೀಕಾಂತ.

“ಕೈ ಎತ್ತು.”

ಎಡಗೈ ಎತ್ತಿದ, ಸೀದಾ ಮೇಲಕ್ಕೆ ಹೋಯಿತು. ಬಲಗೈ ಭುಜದ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಲಕ್ಷ್ಮೀಕಾಂತ ಹತ್ತಿರ ಬಂದು ಕಂಕುಳ ಕೆಳಗೆ ಬೆರಳಾಡಿಸಿದ. ಮುಕ್ಕೋನಿ ತುಂಡು ಹಿಂದಕ್ಕೇ ಇತ್ತು, ಬಟ್ಟೆ ಎಲ್ಲೂ ಬಿಗಿದಿರಲಿಲ್ಲ. ಒಂದು ಪಿನ್ನು ತೆಗೆದು ಸಡಿಲ ಮಾಡಿದ. “ಈಗ ಎತ್ತು.”

“ಪಿನ್ನು ಎಷ್ಟು ತೆಗೆದರೂ ಅಷ್ಟೇ ಅದು. ಕೋಟಲ್ಲ ಮಾರಾಯ, ಭುಜ.”

ಫ್ರೋಜನ್ ಶೋಲ್ಡರ್, ಭುಜದ ಕೀಲು ಬಿಗಿದುಕೊಂಡಿದೆ ಎಂದಳು ಗ್ರೇಸಿ. ಎರಡು ವರ್ಷವಾಯಿತು. ಫಿಜಿಯೋಥೆರಪಿ, ಇಂಜೆಕ್ಷನ್ ಎಲ್ಲ ಆಗಿದೆ, ಬಂದದ್ದು ಇಷ್ಟೇ; ಇನ್ನು ಬರುವುದು ಕಷ್ಟ ಅಂತಾರೆ. ಯಾರಿಗೂ ಹೇಳಬೇಡ ಅಂದಿದ್ದಾರೆ ಇವರು.

ಲಕ್ಷ್ಮೀಕಾಂತ ಕೈಯಲ್ಲಿದ್ದ ಪಿನ್ನನ್ನು ಮೇಜಿನ ಮೇಲಿಟ್ಟ. ಕೈ ಏಳುತ್ತಿದ್ದ ಕಾಲದಲ್ಲಿ ಸಾಕ್ಷಿ ಕೇಳಿದ್ದ; ಈಗ ಸಾಕ್ಷಿ ಹಿಡಿದು ಬಂದಿದ್ದಾನೆ.

ಸ್ಟ್ಯಾನಿ ಕೋಟು ಬಿಚ್ಚದೆ ಹಾಗೇ ನಿಂತಿದ್ದ. ಮುಂಭಾಗದ ಬಟ್ಟೆಯ ಗುಂಡಿಗಳನ್ನು ಎಡಗೈಯಲ್ಲಿ ಒಂದೊಂದಾಗಿ ಮುಟ್ಟಿ ನೋಡುತ್ತಿದ್ದ. “ಅಲ್ಲಿ ಈಗಲೂ ಎಲ್ಲ ನಿನ್ನ ತಗ್ಗು ತೋಳೇ ಅಲ್ವಾ? ಯಾರೂ ಮೇಲೆ ಎತ್ತುವುದಿಲ್ಲ?”

“ಯಾರೂ ಎತ್ತಲ್ಲ. ನಾನೇ ಬಿಟ್ಟಿಲ್ಲ.”

“ಹಾಗಾದರೆ ನಂಗೂ ಆಗ್ತದೆ. ನಿನ್ನ ಕೋಟು ಮೊದಲು ಹೇಗಿತ್ತು, ಹಾಗೆ ಬೇಕು ನಂಗೆ. ಕೈ ಯಾಕೆ ಎತ್ತುವುದಿಲ್ಲ ಅಂತ ಯಾರಾದರೂ ಕೇಳಿದರೆ ಕೋಟು ಹಾಗೆ ಉಂಟು ಅಂತ ಹೇಳಬಹುದು.” ಆಮೇಲೆ ಸೇರಿಸಿದ: “ನೀನು ಎಲ್ಲರಿಗೂ ಹೇಳು. ಬೇಡ ಅನ್ನುವುದಿಲ್ಲ. ಈ ಜುಲೈ ಕಳೆದ ಮೇಲೆ ಹೇಳು. ಒಮ್ಮೆ ಆಡಬೇಕು ನಂಗೆ.”

ಲಕ್ಷ್ಮೀಕಾಂತ ಮೇಜಿನ ಮೇಲಿದ್ದ ದಾರದ ತುಣುಕುಗಳನ್ನು ಒಂದು ಕಡೆ ಗುಡ್ಡೆ ಮಾಡಿದ. ಬಯಲಿನಲ್ಲಿ ಆ ಮೇಜಿನ ಹಿಂದೆ ಕೂತು, ಗೊತ್ತಿದ್ದೂ ತಪ್ಪು ಕೋಟನ್ನು ಒಳಗೆ ಬಿಡಬೇಕು. ಗೊತ್ತಿದ್ದೂ ನಲವತ್ತು ಜನರಿಂದ ಒಂದು ಸುಳ್ಳನ್ನು ಇನ್ನೊಂದು ಬೇಸಿಗೆ ಆಡಿಸಬೇಕು. ಅಂಥ ಕೆಲಸವನ್ನು ಅವನು ಹುಟ್ಟಿದಾಗಿನಿಂದ ಮಾಡಿರಲಿಲ್ಲ. ಗ್ರೇಸಿ ಸಿಂಕಿನ ಹತ್ತಿರ ಬೆನ್ನು ಹಾಕಿ ನಿಂತಿದ್ದಳು, ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದಳು.

“ಗ್ರೇಸಿ, ದಪ್ಪ ದಾರ ಇದೆಯಾ? ಲಿನನ್ ಆದ್ರೆ ಒಳ್ಳೇದು” ಎಂದ.

ಇತ್ತು. ಪಿನ್ನುಗಳನ್ನೆಲ್ಲ ಕಿತ್ತು, ತೋಳುಗಳನ್ನು ಮತ್ತೆ ಅದಲುಬದಲು ಮಾಡಿ, ಮುಕ್ಕೋನಿ ತುಂಡು ಮುಂದಕ್ಕೆ ಬರುವಂತೆ ಇಟ್ಟು, ಕನ್ನಡಕ ಏರಿಸಿಕೊಂಡು ಹೊಲಿಯಲು ಕೂತ. ದಾರಕ್ಕೆ ಮೇಣ ಸವರಿದ. ಹಳೆಯ ಸೂಜಿಯ ತೂತುಗಳಲ್ಲೇ ಸೂಜಿ ಹಾಯಿಸಿದ. ಮಧ್ಯದಲ್ಲಿ ಒಂದು ಕಡೆ ಹೊಲಿಗೆ ಸೊಟ್ಟಗಾಯಿತೆಂದು ಬಿಚ್ಚಿ ಮತ್ತೆ ಹಾಕಿದ. ಸ್ಟ್ಯಾನಿ ಎದುರು ಕೂತು ನೋಡುತ್ತ, ಇನ್ನೊಂದು ತುಂಡು ಕೇಕು ತಿಂದ.

ಮುಗಿದ ಮೇಲೆ ಕೋಟನ್ನು ಗ್ರೇಸಿಯೂ ಅವನೂ ಸೇರಿ ಸ್ಟ್ಯಾನಿಗೆ ತೊಡಿಸಿದರು. ಲಕ್ಷ್ಮೀಕಾಂತ ಎರಡು ಹೆಜ್ಜೆ ಹಿಂದೆ ಸರಿದು, ತಪಾಸಣೆಯ ಮೇಜಿನ ಹಿಂದೆ ನಿಲ್ಲುವಂತೆಯೇ ನಿಂತ.

“ಕೈ ಎತ್ತು.”

ಸ್ಟ್ಯಾನಿ ಎರಡೂ ಕೈ ಎತ್ತಿದ. ಎರಡೂ ಭುಜದ ಮಟ್ಟಕ್ಕೆ ಬಂದು, ಒಂದೇ ಸಮನಾಗಿ ನಿಂತವು. ಯಾವುದನ್ನು ಕೋಟು ತಡೆದಿದೆ, ಯಾವುದನ್ನು ಭುಜ ತಡೆದಿದೆ ಎಂದು ನೋಡಿದವರಿಗೆ ತಿಳಿಯುವಂತಿರಲಿಲ್ಲ.

“ಪಾಸ್” ಎಂದ ಲಕ್ಷ್ಮೀಕಾಂತ.