ವಾಪಸ್ ಬಂದ ತಟ್ಟೆಗಳು

ನಾನು ತಟ್ಟೆ ತೊಳೆಯುವವಳು. ಹಾಗಂದರೆ ನನ್ನ ಮಗನ ಮುಖ ಸಣ್ಣದಾಗುತ್ತದೆ. "ಅಮ್ಮ ಅಡುಗೆಮನೆ ನೋಡ್ಕೊಳ್ತಾರೆ" ಅಂತ ಗಿರಾಕಿಗಳ ಮುಂದೆ ತೇಪೆ ಹಾಕುತ್ತಾನೆ. ನೋಡಿಕೊಳ್ಳುವುದೂ ಇಲ್ಲ, ಮಣ್ಣೂ ಇಲ್ಲ. ಆಸ್ಪತ್ರೆ ಕ್ಯಾಂಟೀನಿನಲ್ಲಿ ಮೂವತ್ತೊಂದು ವರ್ಷ ತೊಳೆದೆ, ಈಗ ನಾಲ್ಕು ವರ್ಷದಿಂದ ಮಗನ ಹೋಟೆಲಿನಲ್ಲಿ ತೊಳೆಯುತ್ತಿದ್ದೇನೆ. ಮನೆಯಲ್ಲಿ ಕೂತರೆ ಮಂಡಿ ಹಿಡಿದುಕೊಳ್ಳುತ್ತದೆ, ನಲ್ಲಿ ಮುಂದೆ ನಿಂತರೆ ಏನೂ ಆಗುವುದಿಲ್ಲ.

ಹೋಟೆಲು ಥಾಯ್ ಊಟದ್ದು. ಹನ್ನೊಂದು ಮೇಜು. ಎಡಕ್ಕೆ ಬೀಗ ರಿಪೇರಿ ಅಂಗಡಿ, ಬಲಕ್ಕೆ ಲಾಂಡ್ರಿ. ಬೆಲೆ ಕಡಿಮೆ, ಹಾಗಾಗಿ ಬಸ್ ಡ್ರೈವರುಗಳು, ಲಾಂಡ್ರಿ ಹೆಂಗಸರು, ಎದುರಿನ ನರ್ಸಿಂಗ್ ಕಾಲೇಜಿನ ಹುಡುಗಿಯರು ಎಲ್ಲರೂ ಬರುತ್ತಾರೆ.

ಅಡುಗೆ ನನ್ನ ಸೊಸೆಯದು. ಮದುವೆಗೆ ಮುಂಚೆ ಒಬ್ಬ ಥಾಯ್ ಹೆಂಗಸಿನ ಅಡುಗೆಮನೆಯಲ್ಲಿ ಒಂಬತ್ತು ವರ್ಷ ದುಡಿದವಳು. ಆಯಮ್ಮ ಬೈದು ಬೈದೇ ಕಲಿಸಿದಳಂತೆ. ಬೆಳಿಗ್ಗೆ ಆರಕ್ಕೆ ಕಲ್ಲಿನ ಕುಟ್ಟಾಣಿ ಮುಂದೆ ಕೂತಳೆಂದರೆ ಹಸಿಮೆಣಸಿನಕಾಯಿ, ನಿಂಬೆಹುಲ್ಲು, ಬೆಳ್ಳುಳ್ಳಿ ಎಲ್ಲ ನುಣ್ಣಗಾಗುವ ತನಕ ಏಳುವುದಿಲ್ಲ. ಮಿಕ್ಸಿ ಯಾಕೆ ಬೇಡ ಅಂತ ಒಂದು ಸಲ ಕೇಳಿದ್ದೆ. "ಮಿಕ್ಸಿ ಕತ್ತರಿಸುತ್ತೆ ಅತ್ತೆ, ಕುಟ್ಟೋದಿಲ್ಲ" ಅಂದಳು. ಅಷ್ಟೇ. ಅವಳ ಮಾತು ಯಾವಾಗಲೂ ಎಣಿಸಿ ಇಟ್ಟಂತೆ.

ಇನ್ನು ನನ್ನ ಮಗ. ಅವನಿಗೆ ಹಿಡಿದಿರುವ ರೋಗದ ಹೆಸರು ಫೋನು. ತಿಂದು ಹೋದವರು ಅದರಲ್ಲಿ ಅಭಿಪ್ರಾಯ ಬರೆಯುತ್ತಾರೆ, ಇವನು ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲು ಓದುತ್ತಾನೆ. ಓದಿದ್ದನ್ನ ನಮಗೂ ಓದಿ ಹೇಳುತ್ತಾನೆ, ನಾವೇನು ಪಾಪ ಮಾಡಿದ್ದೆವೋ. "ಸೂಪಿನಲ್ಲಿ ಕಟ್ಟಿಗೆ ಸಿಕ್ಕಿತು, ಒಂದು ಸ್ಟಾರ್." "ಇಷ್ಟು ಅಗ್ಗಕ್ಕೆ ಕೊಡ್ತಾರೆ ಅಂದ್ರೆ ಏನೋ ಮಸಲತ್ತು ಇರಲೇಬೇಕು, ಎರಡು." "ಊಟ ತುಂಬಾ ಚೆನ್ನಾಗಿತ್ತು, ಆದರೆ ಕುರ್ಚಿ ಅಲ್ಲಾಡುತ್ತೆ, ಎರಡು." ಕುರ್ಚಿ ತಿನ್ನೋಕೆ ಬಂದಿದ್ದನಾ ಅವನು ಅಂತ ನಾನು ಕೇಳಿದೆ. ಮಗ ನಗಲಿಲ್ಲ.

ಹೋದ ವಾರ ಸ್ಟಾರು ಮೂರಕ್ಕಿಂತ ಕೆಳಗಿಳಿಯಿತು. ಗುರುವಾರ ಅವನು ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ತಂದು ಅಡುಗೆಮನೆಯ ಮಧ್ಯೆ ಇಟ್ಟ. ಒಳಗೆಲ್ಲ ಪ್ಯಾಕೆಟ್ ಮಸಾಲೆ.

"ಸೋಮವಾರದಿಂದ ಇದೇ," ಅಂದ ಹೆಂಡತಿಗೆ. "ಸೂಪು ಸೋಸಿ ಕೊಡೋದು. ಒಬ್ಬ ಅಡುಗೆಯವನನ್ನ ಗೊತ್ತು ಮಾಡಿದೀನಿ, ಖಾರ ಕಡಿಮೆ ಹಾಕಿ ಹದವಾಗಿ ಮಾಡ್ತಾನೆ. ನೀನು ಕೌಂಟರ್ ನೋಡ್ಕೋ. ನಿನಗೂ ಸ್ವಲ್ಪ ಆರಾಮ."

"ಕೌಂಟರಲ್ಲಿ ಕೂತು ನಾನೇನು ಮಾಡ್ಲಿ?"

"ಬಂದೋರಿಗೆ ನಗ್ತಾ ಮಾತಾಡ್ಸು."

ಅವಳು ಒಲೆ ಸಣ್ಣ ಮಾಡಿ ಹಿಂದಿನ ಬಾಗಿಲ ಹತ್ತಿರ ಹೋಗಿ ನಿಂತಳು. ಎಷ್ಟು ನೊಂದಳು ಅಂತ ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು. ಒಂಬತ್ತು ವರ್ಷ ಬೈಸಿಕೊಂಡು ಕಲಿತ ಕೈಯನ್ನ ಕಿತ್ತು ಕೌಂಟರಿನ ಮೇಲೆ ಅಲಂಕಾರಕ್ಕೆ ಇಡುತ್ತಾನಂತೆ. ಅದೂ ಯಾರ ಮಾತಿಗೆ? ಕುರ್ಚಿ ಅಲ್ಲಾಡಿತು ಅಂದವನ ಮಾತಿಗೆ.

ಒಂದು ವಿಷಯ ಹೇಳಬೇಕು. ತಿನ್ನುವವರ ನಿಜವಾದ ಅಭಿಪ್ರಾಯ ಬರುವುದು ನನ್ನ ಹತ್ತಿರ. ಬಾಯಲ್ಲಿ ಏನು ಬೇಕಾದರೂ ಹೇಳಬಹುದು, ಫೋನಿನಲ್ಲಿ ಏನು ಬೇಕಾದರೂ ಗೀಚಬಹುದು. ತಟ್ಟೆ ಸುಳ್ಳು ಹೇಳುವುದಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ವಾರ್ಡಿಗೆ ಹೋಗುವ ಮುಂಚೆಯೇ ಯಾವ ರೋಗಿ ಚೇತರಿಸಿಕೊಂಡ ಅಂತ ತಟ್ಟೆ ನೋಡಿ ನನಗೆ ಗೊತ್ತಾಗುತ್ತಿತ್ತು. ಆದರೆ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ತೊಳೆಯುವವಳಿಗೆ ಯಾಕೆ ಬೇಕು ಉಸಾಬರಿ ಅಂತ ಬಾಯಿಗೆ ಬೀಗ ಹಾಕಿಕೊಂಡೇ ಬದುಕಿದವಳು ನಾನು.

ಶನಿವಾರ ಮಧ್ಯಾಹ್ನ ಬೀಗ ತೆಗೆದೆ. ತಟ್ಟೆಗಳು ಬರತೊಡಗಿದವು, ನಾನು ನಲ್ಲಿ ಮುಟ್ಟಲಿಲ್ಲ. ಒಂದೊಂದು ಮೇಜಿನದನ್ನ ಬೇರೆ ಬೇರೆಯಾಗಿ ಉದ್ದನೆಯ ಸ್ಟೀಲ್ ಕಟ್ಟೆ ಮೇಲೆ ಜೋಡಿಸಿ, ಪಕ್ಕದಲ್ಲಿ ಆ ಮೇಜಿನ ಆರ್ಡರ್ ಚೀಟಿ ಇಟ್ಟೆ. ಎರಡು ಗಂಟೆ ಹೊತ್ತಿಗೆ ಮಗ ಓಡಿ ಬಂದ.

"ಅಮ್ಮ, ಹೊರಗೆ ತಟ್ಟೆ ಖಾಲಿ."

"ಗೊತ್ತು. ಇವತ್ತು ತೊಳೆಯೋದಿಲ್ಲ."

"ಯಾಕೆ, ಹುಷಾರಿಲ್ವಾ?"

"ಇನ್ಯಾವತ್ತೂ ಇಷ್ಟು ಹುಷಾರಾಗಿರಲಿಲ್ಲ. ಹೋಗಿ ಬಾಗಿಲು ಹಾಕು. ಆಮೇಲೆ ಫೋನು ತಗೊಂಡು ಇಲ್ಲಿ ಬಂದು ಕೂತ್ಕೋ."

ನನ್ನ ದನಿಯಲ್ಲಿ ಏನಿತ್ತೋ, ಕೊನೆಯ ಇಬ್ಬರಿಗೆ ಸೂಪಿನ ಬಟ್ಟಲಿನಲ್ಲೇ ಅನ್ನ ಕೊಟ್ಟು ಕಳಿಸಿ, ಬಾಗಿಲು ಹಾಕಿ ಬಂದ. ಸೊಸೆ ಒಲೆ ಹತ್ತಿರವೇ ಕೈ ಕಟ್ಟಿಕೊಂಡು ನಿಂತಿದ್ದಳು. ಇವತ್ತಿನ ಅಭಿಪ್ರಾಯಗಳನ್ನ ಓದು ಅಂತ ಮಗನಿಗೆ ಅಂದೆ.

"'ಗ್ರೀನ್ ಕರ್ರಿ ಖಾರ ತಡೆಯೋಕಾಗಲ್ಲ, ಕಣ್ಣಲ್ಲಿ ನೀರು ಬಂತು. ಒಂದು ಸ್ಟಾರ್.' ನೋಡಿದ್ಯಾ?" ಅಂದ. ಬರೆದವನ ಫೋಟೋನೂ ಇತ್ತು, ನಾಲ್ಕನೇ ಮೇಜಿನಲ್ಲಿ ಕೂತಿದ್ದ ಟೈ ಕಟ್ಟಿದ ಮನುಷ್ಯ.

ನಾಲ್ಕನೇ ಮೇಜಿನ ಬಟ್ಟಲನ್ನ ಮಗನ ಮೂಗಿನ ಕೆಳಗೆ ಹಿಡಿದೆ. ಅದರಲ್ಲಿ ಒಂದು ಹನಿಯೂ ಇರಲಿಲ್ಲ, ಅನ್ನದಲ್ಲಿ ಒರೆಸಿ ಒರೆಸಿ ತಿಂದ ಗೆರೆ ಸುತ್ತಲೂ ಕಾಣುತ್ತಿತ್ತು. ಚೀಟಿಯಲ್ಲಿ ಎರಡು ಸಲ ಹೆಚ್ಚುವರಿ ಅನ್ನ. "ಬಟ್ಟಲು ನೆಕ್ಕೋದೊಂದು ಬಿಟ್ಟಿದಾನೆ, ಮಹಾನುಭಾವ. ಮುಂದಿನದು ಓದು."

"'ನೂಡಲ್ಸ್ ಅದ್ಭುತ. ಬಣ್ಣ ನೋಡಿಯೇ ಖುಷಿಯಾಯಿತು. ಐದು ಸ್ಟಾರ್.'" ಅವನ ದನಿ ಸ್ವಲ್ಪ ಚೇತರಿಸಿಕೊಂಡಿತು. ಆ ನೂಡಲ್ಸ್ ಅವನದೇ ಕಲ್ಪನೆ. ಸಾಸು, ಸಕ್ಕರೆ ಸುರಿದು ಕೆಂಪಗೆ ಮಾಡಿಸಿ ಮೆನುವಿಗೆ ಹಾಕಿದ್ದ. ಏಳನೇ ಮೇಜಿನ ಹುಡುಗಿಯರು ನಾಲ್ಕು ತಟ್ಟೆ ತರಿಸಿ ಫೋಟೋ ತೆಗೆದಿದ್ದರು.

ನಾಲ್ಕೂ ತಟ್ಟೆಗಳನ್ನ ಸಾಲಾಗಿ ಅವನ ಮುಂದೆ ಇಟ್ಟೆ. ಅರ್ಧಕ್ಕರ್ಧ ಹಾಗೇ ಇತ್ತು, ಒಂದರಲ್ಲಂತೂ ಫೋರ್ಕು ನೆಟ್ಟಗೆ ನಿಂತಿತ್ತು. "ನೋಡೋಕೆ ಐದು, ತಿನ್ನೋಕೆ ಸೊನ್ನೆ. ದಿನಾ ಇದೇ ಕಥೆ."

ಅವನು ಹಠಕ್ಕೆ ಬಿದ್ದು ಇನ್ನೊಂದು ಹುಡುಕಿ ತೆಗೆದ. "ಇದಕ್ಕೇನಂತೀಯ? ಎರಡನೇ ಮೇಜಿನ ಅಜ್ಜನ ಮೊಮ್ಮಗಳು ಬರೆದಿದಾಳೆ. 'ಸೂಪಿನಲ್ಲಿ ಕಡ್ಡಿ. ತಾತನಿಗೆ ಹಲ್ಲು ನೋವು ಬಂತು.'"

ಆ ಬಟ್ಟಲು ತೆಗೆದೆ. ರಸವೆಲ್ಲ ಕುಡಿದಿದ್ದರು. ತಳದಲ್ಲಿ ನಿಂಬೆಹುಲ್ಲಿನ ತುಂಡುಗಳಿದ್ದವು, ಎಲ್ಲವೂ ಚೆನ್ನಾಗಿ ಅಗಿದು ನಾರುನಾರಾಗಿದ್ದವು. ಪರಿಮಳಕ್ಕೆ ಹಾಕುವ ಹುಲ್ಲು ಅದು, ಬದಿಗಿಟ್ಟು ಕುಡಿಯಬೇಕು. ಕೊಟ್ಟಿದ್ದಾರಲ್ಲ ಅಂತ ಆ ಅಜ್ಜ ಮರ್ಯಾದೆಯಿಂದ ಅಗಿದಿದ್ದಾನೆ.

ಸೊಸೆ ಹತ್ತಿರ ಬಂದು ಬಗ್ಗಿ ನೋಡಿದಳು. "ಅಯ್ಯೋ, ಅಗಿದಿದಾರೆ ಪಾಪ. ಇದು ನನ್ನ ತಪ್ಪು."

"ಅದಕ್ಕೇ ಸೋಸು ಅಂದಿದ್ದು," ಅಂದ ಮಗ.

"ಸೋಸೋದಿಲ್ಲ. ಕೊಡುವಾಗ ಹೇಳ್ತೀನಿ, ಬದಿಗಿಡಿ ಅಂತ. ನಾನೇ ಮೇಜಿಗೆ ಹೋಗಿ ಹೇಳ್ತೀನಿ."

ನನ್ನ ಹತ್ತಿರ ಇನ್ನೊಂದು ತಟ್ಟೆ ಉಳಿದಿತ್ತು. ಅದನ್ನ ಕೊನೆಗೆ ಅಂತಲೇ ಇಟ್ಟುಕೊಂಡಿದ್ದೆ. ಅದೇ ಖಾರದ ಗ್ರೀನ್ ಕರ್ರಿ ತಿಂದ ತಟ್ಟೆ, ತೊಳೆದು ಇಟ್ಟಷ್ಟು ಚೊಕ್ಕ.

"ಇದು ಯಾವ ಮೇಜಿಂದು?" ಅಂದ.

"ನಿಂದೇ. ಹನ್ನೆರಡೂವರೆಗೆ ಆ ಸ್ಟೂಲ್ ಮೇಲೆ ಕೂತು ತಿಂದ್ಯಲ್ಲ. ನಾಲ್ಕು ವರ್ಷದಿಂದ ನೋಡ್ತಾ ಇದೀನಿ, ನಿನ್ನ ತಟ್ಟೇಲಿ ಒಂದು ಅಗುಳು ಉಳಿದಿದ್ದಿಲ್ಲ. ಊರವರ ಅಭಿಪ್ರಾಯ ಎಲ್ಲ ಓದ್ತೀಯ, ನಿಂದು ಎಲ್ಲಿ ಬರೆದಿದೀಯ ತೋರ್ಸು."

ಅವನ ಕಿವಿ ಕೆಂಪಗಾಯಿತು. ತಟ್ಟೆಗಳ ಸಾಲನ್ನ ಇನ್ನೊಂದು ಸಲ ನೋಡಿ, ಎದ್ದು ಪ್ಯಾಕೆಟ್ಟಿನ ಪೆಟ್ಟಿಗೆಯನ್ನ ಕಾಲಿನಿಂದ ಬಾಗಿಲ ಕಡೆ ತಳ್ಳಿ, "ಸರಿ, ವಾಪಸ್ ಕಳಿಸ್ತೀನಿ. ಆ ಅಡುಗೆಯವನಿಗೂ ಬೇಡ ಅಂತೀನಿ," ಅಂದ ಹೆಂಡತಿ ಕಡೆ ತಿರುಗಿ. "ನೀನೇ ಮಾಡು."

ಗೆದ್ದೆ ಅಂತ ನನಗೆ ಒಳಗೊಳಗೇ ಹಿಗ್ಗು. ಸೊಸೆ ಕಣ್ಣು ತುಂಬಿಕೊಂಡು "ಅತ್ತೆ" ಅನ್ನುತ್ತಾಳೆ ಅಂತ ಕಾಯುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಅವಳು ಕಣ್ಣು ತುಂಬಿಕೊಳ್ಳಲಿಲ್ಲ.

"ನೀನೇ ಮಾಡು ಅಂತ ನೀವು ಹೇಳ್ಬೇಕಾಗಿಲ್ಲ ರೀ," ಅಂದಳು ಗಂಡನಿಗೆ. "ಗುರುವಾರದಿಂದ ಬಾಯಿ ಬಿಟ್ಟು ಒಂದು ಮಾತು ನನ್ನ ಕೇಳಲಿಲ್ಲ. ಎಂಜಲು ತಟ್ಟೆ ಹೇಳಿದ ತಕ್ಷಣ ನಂಬಿದ್ರಿ."

ಅವನು ಏನೋ ಹೇಳಲು ಹೋದ. ಅವಳು ಅಷ್ಟರಲ್ಲಿ ನನ್ನ ಕಡೆ ತಿರುಗಿದ್ದಳು.

"ಅತ್ತೆ, ನಿಮಗೆ ಇದೆಲ್ಲ ಯಾವಾಗಿಂದ ಗೊತ್ತು?"

"ಮೊದಲ ದಿನದಿಂದ," ಅಂದೆ, ಇನ್ನೂ ಹೆಮ್ಮೆಯಿಂದಲೇ.

"ನಾಲ್ಕು ವರ್ಷ. ಈ ಒಲೆಗೂ ನಿಮ್ಮ ನಲ್ಲಿಗೂ ನಾಲ್ಕು ಹೆಜ್ಜೆ. ದಿನಾ ಬೆಳಿಗ್ಗೆ ಇವರು ಬೈಗುಳ ಓದ್ತಿದ್ರು, ನಾನು ಕೇಳಿಸ್ಕೊಂಡು ಕುಟ್ತಿದ್ದೆ. ತಟ್ಟೆ ಖಾಲಿ ಬರ್ತಾ ಇದೆ ಕಣೆ ಅಂತ ನನಗೊಂದು ಮಾತು ಹೇಳ್ಬಹುದಿತ್ತಲ್ಲ ಅತ್ತೆ."

ಕೈಯಲ್ಲಿದ್ದ ಮಗನ ತಟ್ಟೆಯನ್ನ ಕಟ್ಟೆ ಮೇಲೆ ಇಟ್ಟೆ.

"ಇಬ್ಬರಿಗೂ ಹೇಳ್ತೀನಿ," ಅಂದಳು. ದನಿ ಏರಿಸಲಿಲ್ಲ. "ನಾಳೆ ಎಲ್ಲ ತಟ್ಟೆನೂ ತುಂಬ್ಕೊಂಡೇ ವಾಪಸ್ ಬಂದ್ರೂ ನಾನು ಮಾಡೋದು ಹೀಗೇ. ಒಲೆ ಮುಂದೆ ನಾನಿರ್ತೀನಿ. ಸ್ಟಾರೂ ಬೇಡ, ಸಾಕ್ಷಿನೂ ಬೇಡ."

ಹೇಳಿ, ಸಂಜೆಗೆ ತೆಂಗಿನ ಹಾಲು ಹಿಂಡಲು ಹೋದಳು. ನನಗೆ ಸಿಟ್ಟು ಬರಬೇಕಿತ್ತು, ಅವಳಿಗಾಗಿ ಇಷ್ಟೆಲ್ಲ ಮಾಡಿದವಳು ನಾನು. ಬರಲಿಲ್ಲ. ನಾಚಿಕೆಯಾಯಿತು, ಜೊತೆಗೆ ಅವಳ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿತು. ನಲ್ಲಿ ತಿರುಗಿಸಿದೆ. ಮೊದಲ ತಟ್ಟೆ ಕೈಗೆತ್ತಿಕೊಂಡು, ಅವಳ ಬೆನ್ನಿಗೆ ಕೇಳುವ ಹಾಗೆ ಹೇಳಿದೆ.

"ನಿನ್ನ ಅಡುಗೆ ಚೆನ್ನಾಗಿರುತ್ತೆ ಕಣೆ."

"ನನಗೆ ಗೊತ್ತು ಅತ್ತೆ," ಅಂದಳು, ತಿರುಗದೆ.