ಗಂಗಾಂಬಿಕೆಯ ಎಲೆ

"ಆ ಮಗೀಗೆ ಇನ್ನೊಂದು ಒಬ್ಬಟ್ಟು ಆಕ್ಲಾ," ಎಂದು ವೃಷಭೇಂದ್ರಪ್ಪ ಬಡಿಸುವವನಿಗೆ ಹೇಳುತ್ತಿದ್ದಂತೆಯೇ, ಅವನ ಅತ್ತಿಗೆ ದೊಡ್ಡಮಲ್ಲಮ್ಮ ಪಂಕ್ತಿಯ ನಡುವೆ ಬಂದು ಮೊಮ್ಮಗಳ ಮುಂದಿನ ಎಲೆಯನ್ನು ಎತ್ತಿಕೊಂಡುಬಿಟ್ಟಳು.

ಹರವೆಯ ಆ ಪಡಸಾಲೆಯಲ್ಲಿ ಉಣ್ಣುತ್ತಿದ್ದವರ ಕೈ ನಿಂತಿತು. ಅಂದು ದೊಡ್ಡಮಲ್ಲಮ್ಮನ ಮಗಳ ವರ್ಷದ ಗಣಾರಾಧನೆ. ತೀರಿಕೊಂಡವಳ ಹೆಸರಿನಲ್ಲಿ ಊರೇ ಉಣ್ಣುವಾಗ, ಅವಳು ಬಿಟ್ಟುಹೋದ ಒಬ್ಬಳೇ ಕೂಸು ಗಂಗಾಂಬಿಕೆಯ ಎಲೆ ಎತ್ತುವುದೇ!

"ತಾಯಿಲ್ದ ಮಗ ಕಣತ್ಗೆ! ಪರಸಾದ ಬ್ಯಾಡ ಅಂತೀಯಾ?"

"ಮೊಮ್ಮಗಳು ಮೈ ತುಂಬ್ಕೊಂಡದೆ ಅಂತ ಅಜ್ಜೀಗೇ ಒಟ್ಟೆಕಿಚ್ಚು," ಎಂದು ಗುಂಡ್ಲುಪೇಟೆಯಿಂದ ಬಂದಿದ್ದ ನೆಂಟಳು ಚಿಕ್ಕಮಲ್ಲಮ್ಮ ನಕ್ಕಳು.

ಮೈ ತುಂಬಿಕೊಂಡಾಗ ಮೊದಲು ಹಿಗ್ಗಿದವಳು ದೊಡ್ಡಮಲ್ಲಮ್ಮನೇ. ಆದರೆ ದೀಪಾವಳಿಯಲ್ಲಿ ಸಡಿಲವಾಗಿ ಕಟ್ಟಿದ್ದ ಲಿಂಗದ ದಾರ ಸಂಕ್ರಾಂತಿಯ ಹೊತ್ತಿಗೆ ಕೊರಳಿಗೆ ಕಚ್ಚಿಕೊಂಡು ಕೆಂಪು ಗೆರೆ ಮೂಡಿಸಿತ್ತು. ಮಗುವಿನ ಎತ್ತರ ಮಾತ್ರ ಇದ್ದಷ್ಟೇ. ಮಧ್ಯಾಹ್ನ ಮಲಗಿದರೆ ತುಟಿ ನೀಲಿಯಾಗುತ್ತಿತ್ತು. ಪೆಟ್ರೋಲು ಸಿಗದ ಆ ಯುದ್ಧಕಾಲದಲ್ಲಿ ಇದ್ದಿಲು ಸುಟ್ಟು ಓಡುತ್ತಿದ್ದ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಕರೆದೊಯ್ದಾಗ, ಡಾಕ್ಟರು ಮಗು ನಿದ್ದೆ ಮಾಡುವುದನ್ನೇ ಬಹಳ ಹೊತ್ತು ನೋಡಿದ್ದರು. "ಇಂಥದ್ದನ್ನ ನಾನು ಕಂಡಿಲ್ಲಮ್ಮ, ಹೆಸರೂ ತಿಳಿಯದು. ಆದರೆ ಇದು ಪುಷ್ಟಿ ಅಲ್ಲ, ರೋಗ. ಸಾಕು ಅನ್ನೋದು ಇವಳಿಗೆ ತಿಳಿಯೋದಿಲ್ಲ. ನಿದ್ದೆಯಲ್ಲಿ ಉಸಿರಾಡೋದನ್ನೂ ಮರೀತಾಳೆ. ಅಳತೆ ಮಾಡಿ ಉಣಿಸಿ. ಮಲಗಿದಾಗ ಒಬ್ಬರು ಪಕ್ಕದಲ್ಲೇ ಇರಿ," ಎಂದಿದ್ದರು.

"ಪರಸಾದವ ನಾನ್ಯಾಕಪ್ಪ ಬ್ಯಾಡ ಅನ್ಲಿ?" ದೊಡ್ಡಮಲ್ಲಮ್ಮ ಎಲೆಯಿಂದ ಚಿಟಿಕೆಯಷ್ಟು ತೆಗೆದು ಕಣ್ಣಿಗೊತ್ತಿಕೊಂಡು ಮಗುವಿನ ಬಾಯಿಗಿಟ್ಟಳು. ಆಮೇಲೆ, ಪ್ರಸಾದ ಚೆಲ್ಲಬಾರದೆಂದು, ಅಲ್ಲೇ ನೆಲದ ಮೇಲೆ ಕೂತು ಉಳಿದದ್ದನ್ನು ತಾನೇ ಉಣ್ಣತೊಡಗಿದಳು. "ನೋಡ್ಕೊ, ಒಂದಗುಳೂ ಬುಡಾಕಿಲ್ಲ. ಮಗಳ್ನ ಮಣ್ಣಿಗಾಕಿವ್ನಿ. ಇವಳ ಆರಾಧನೆಗೂ ಒಬ್ಬಟ್ಟು ತಟ್ಸು ಅಂದ್ರೆ ನನ್ ಕೈಲಾಗಾಕಿಲ್ಲ."

"ಅಜ್ಜೀ, ಅಸಿವು..." ಮಗು ಅವಳ ಸೆರಗೆಳೆದು ಅತ್ತಿತು. ದೊಡ್ಡಮಲ್ಲಮ್ಮ ತಲೆಯೆತ್ತಲಿಲ್ಲ. ಎಲೆಯ ಕೊನೆಯ ಅಗುಳನ್ನೂ ಬಾಯಿಗಿಟ್ಟಳು.

ಅತ್ತೂ ಅತ್ತೂ ಮಗು ಅಜ್ಜಿಯ ತೊಡೆಯ ಮೇಲೇ ನಿದ್ದೆಹೋಯಿತು. ಪಂಕ್ತಿ ಎದ್ದಿತು. ಹೆಂಗಸರು ಅವಳನ್ನು ಬಳಸಿಕೊಂಡು ಹೋಗಿ ಎಲೆ ತೆಗೆದು ಎಂಜಲು ಬಳಿದರು. ಅವಳ ಅಂಗೈ ಮಗುವಿನ ಎದೆಯ ಮೇಲಿತ್ತು.

ವೃಷಭೇಂದ್ರಪ್ಪ ಎಲೆ ಅಡಿಕೆಯ ತಟ್ಟೆ ಹಿಡಿದು ಆ ಕಡೆ ಬಂದಾಗ ಆ ಎದೆ ಇಳಿದದ್ದು ಮೇಲೇಳಲಿಲ್ಲ. ಅವನು ನಿಂತ. ಎದೆ ಇನ್ನೂ ಏಳಲಿಲ್ಲ.

"ಗಂಗೂ, ಉಸ್ರೆಳ್ಕೊ ಕಣಮ್ಮಿ." ದೊಡ್ಡಮಲ್ಲಮ್ಮ ಭುಜ ಹಿಡಿದು ಅಲುಗಿಸಿದಳು. ಮತ್ತೆ ಅಲುಗಿಸಿದಳು. ಮಗು ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಂಡು ಮಗ್ಗುಲಾಯಿತು.

ವೃಷಭೇಂದ್ರಪ್ಪ ತಟ್ಟೆಯನ್ನು ಕೆಳಗಿಟ್ಟು, ಮಗುವಿನ ಇನ್ನೊಂದು ಪಕ್ಕದಲ್ಲಿ ಕೂತ.